ಎಲೆಯ ಮುಂದಿನ ನೆರಳು

ಹಳೆಯ ಡಬ್ಬಾ ಟಿವಿಯ ಬೆನ್ನು ಕಾದಾಗ ಒಂದು ವಾಸನೆ ಬರುತ್ತದೆ. ಸುಟ್ಟ ಧೂಳು, ಬಿಸಿಯಾದ ವೈರು, ಒಳಗೆಲ್ಲೋ ಸತ್ತು ಒಣಗಿದ ಜಿರಲೆ, ಎಲ್ಲ ಸೇರಿದ ವಾಸನೆ. ಮೊನ್ನೆ ಗುಜರಿಯವನು ಬಂದಿದ್ದ. ಜೀವ ಇದೆಯೋ ಇಲ್ಲವೋ ನೋಡೋಣ ಎಂದು ಪ್ಲಗ್ಗು ಚುಚ್ಚಿದ. ಚಿತ್ರ ಬರಲಿಲ್ಲ, ವಾಸನೆ ಬಂತು. ಹಿತ್ತಲಿಂದ ಬರುತ್ತಿದ್ದವಳು ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಟಿವಿಗೂ ಗೋಡೆಗೂ ನಡುವೆ ಯಾರೋ ಮುಖ ತೂರಿಸಿಕೊಂಡು ನಿಂತಿರಬೇಕು ಅನ್ನಿಸಿತು. ಯಾರೂ ಇರಲಿಲ್ಲ. ಇರಬೇಕಾದವಳು ಇಲ್ಲವಾಗಿ ಎರಡು ಮಳೆಗಾಲ ಕಳೆಯಿತು…

ಪಕ್ಕದ ಮನೆಗೆ ಸೊಸೆಯಾಗಿ ಬಂದವಳು ಅವಳು, ಮಳವಳ್ಳಿ ಕಡೆಯ ಹೆಣ್ಣು. ಬಂದ ಹೊಸದರಲ್ಲಿ ಒಂದು ದಿನ ಮೊಸರಿನ ಹೆಪ್ಪು ಕೇಳಿಕೊಂಡು ನಮ್ಮ ಮನೆಗೆ ಬಂದಳು. ಆಗ ಟಿವಿ ಓಡುತ್ತಿತ್ತು. ಲೋಕವೆಲ್ಲ ಟಿವಿಯನ್ನು ಮುಂದೆ ನಿಂತು ನೋಡುತ್ತದೆ. ಇವಳು ಹಿಂದಕ್ಕೆ ಹೋಗಿ ಮೂಸಿದಳು.

“ಏನಮ್ಮಿ, ಇಲಿ ಸತ್ತದಾ?” ಎಂದೆ.

“ಇಲ್ಲ ಕಣಜ್ಜಿ. ನಮ್ಮವ್ವನ ವಾಸ್ನೆ.”

ತಲೆ ನೆಟ್ಟಗಿಲ್ಲದವಳನ್ನು ಕಟ್ಟಿಕೊಂಡು ಬಂದಿದ್ದಾರೆ ಎಂದುಕೊಂಡೆ. ಹೆಪ್ಪು ಕೊಟ್ಟು ಕಳಿಸಿದೆ.

ಆಮೇಲೆ ಗೋಡೆಯ ಆಚೆಯಿಂದ ಅವಳು ಪಾತ್ರೆ ಬೆಳಗುವಾಗ, ನಾನು ಈಚೆಯಿಂದ ಸೊಪ್ಪು ಬಿಡಿಸುವಾಗ ಒಂದೊಂದಾಗಿ ಹೇಳಿದಳು. ಮಳವಳ್ಳಿ ಬಸ್‌ಸ್ಟ್ಯಾಂಡಿನ ಹಿಂದೆ ಅವರಪ್ಪನದು ವಿಡಿಯೋ ಗೇಮಿನ ಅಂಗಡಿ. ಬೀರುವಿನಷ್ಟು ಎತ್ತರದ ಪೆಟ್ಟಿಗೆ, ಕಾಸು ಹಾಕಿದರೆ ಒಳಗೆ ಇಬ್ಬರು ಹೊಡೆದಾಡುತ್ತಾರೆ. ಹೊಡೆದಾಡುವವರಲ್ಲಿ ಒಬ್ಬಳು ಹೆಂಗಸು. ಜಗಳಕ್ಕೆ ಮೊದಲು ಸೊಂಟದ ಬಟ್ಟೆಯನ್ನು ಬಿಗಿದು ಸಿಕ್ಕಿಸಿ, ಎಡಗೈ ಸೊಂಟದ ಮೇಲಿಟ್ಟು ಒಂದು ಕ್ಷಣ ನಿಲ್ಲುತ್ತಾಳಂತೆ, ನಾಟಿ ಗದ್ದೆಗೆ ಇಳಿಯುವ ಮುಂಚೆ ನಾವು ನಿಲ್ಲುವ ಹಾಗೆ.

ಇವಳ ಅವ್ವ ಇವಳಿಗೆ ಹಾಲು ಕುಡಿಸುತ್ತಿದ್ದಾಗಲೇ ತೀರಿಹೋದವಳು. ಇದ್ದ ಒಂದು ಮದುವೆಯ ಫೋಟೋವನ್ನೂ ಗೆದ್ದಲು ತಿಂದಿತ್ತು. ಮಗು ಅವ್ವ ಎಲ್ಲಿ ಎಂದು ಹಟ ಮಾಡಿದಾಗ ಅಪ್ಪ ಎತ್ತಿಕೊಂಡು ಹೋಗಿ ಪೆಟ್ಟಿಗೆ ತೋರಿಸಿದನಂತೆ. “ನಿಮ್ಮವ್ವ ಅಲ್ಲವ್ಳೆ ನೋಡು. ಕೆಲ್ಸದಲ್ಲವ್ಳೆ, ಕರೀಬೇಡ.”

ಮಗು ನಂಬಿತು. ಸ್ಟೂಲಿನ ಮೇಲೆ ಕೂತು, ಕಾದ ಪೆಟ್ಟಿಗೆಯ ಇದೇ ವಾಸನೆಯಲ್ಲಿ ದಿನವೆಲ್ಲ ನೋಡಿತು. ಆಡಲು ಬಂದ ಕಾಲೇಜು ಹುಡುಗರು ರೇಗಿಸುತ್ತಿದ್ದರಂತೆ. “ಇವತ್ತು ನಿಮ್ಮವ್ವಂಗೆ ಸರ್ಯಾಗ್ ಬಿತ್ತು ಕಣಮ್ಮಿ.” ಅಂದವರ ಕೈಯನ್ನು ಇವಳು ಕಚ್ಚಿಬಿಡುತ್ತಿದ್ದಳಂತೆ.

“ಸತ್ತೋರು ಸತ್ತೇ ಓಯ್ತಾರೆ ಅಂತ ನಂಗೆ ಬೋ ದಿನ ಗೊತ್ತಿರ್ನಿಲ್ಲ ಕಣಜ್ಜಿ,” ಎಂದಿದ್ದಳು ಒಂದು ಸಲ, ತಪ್ಪಲೆಯ ತಳ ಉಜ್ಜುತ್ತಾ. “ನಮ್ಮವ್ವ ದಿನಾ ಬೀಳೋಳು, ಕಾಸಾಕುದ್ರೆ ಏಳೋಳು.”

ದೊಡ್ಡವಳಾದ ಮೇಲೆ ಅಪ್ಪನನ್ನು ಕೇಳಿದಳಂತೆ, ಯಾಕೆ ಹಾಗೆ ಸುಳ್ಳು ಹೇಳಿದೆ ಎಂದು. ಅವನು, “ನಿಂತ್ಕೊಳ್ಳೋದು ಮಾತ್ರ ನಿಮ್ಮವ್ವ ಅಂಗೇ ನಿಂತ್ಕೊಳ್ಳೋಳು ಕಣವ್ವ” ಎಂದನಂತೆ. ಅಷ್ಟೇ. ಮೊಬೈಲು ಬಂದ ಮೇಲೆ ಅಂಗಡಿಗೆ ಜನ ಬರಲಿಲ್ಲ, ಪೆಟ್ಟಿಗೆ ಗುಜರಿಗೆ ಹೋಯಿತು. ಇವಳ ಮದುವೆಯಾದ ವರ್ಷವೇ ಅಪ್ಪನೂ ಹೋದ. ಅಣ್ಣತಮ್ಮಂದಿರು ಯಾರೂ ಇಲ್ಲ.

ಅವಳ ಫೋನಿನ ಹುಚ್ಚಿನ ವಿಷಯ ಹೇಳಬೇಕು. ಎಲ್ಲಿಯದೋ ಕಂಪನಿ ಒಂದು ಹೊಸ ಆಟ ಮಾಡಿತ್ತು. ಬೇರೆ ಬೇರೆ ಆಟಗಳಲ್ಲಿ ಹೊಡೆದಾಡುತ್ತಿದ್ದವರನ್ನೆಲ್ಲ ತಂದು ಒಂದೇ ಅಖಾಡಕ್ಕೆ ಬಿಡುವ ಆಟ. ಎಲ್ಲರನ್ನೂ ಒಂದೇ ಸಲ ಬಿಡುವುದಿಲ್ಲ. ಕೆಲವು ತಿಂಗಳಿಗೊಬ್ಬರಂತೆ ಹೊಸಬರನ್ನು ಸೇರಿಸುತ್ತಾರೆ. ಮುಂದೆ ಬರುವವರು ಯಾರು ಎಂದು ಊರೂರಿನ ಜನ ಕೂತು ಲೆಕ್ಕ ಹಾಕುತ್ತಾರೆ. ಅವನು ಬಂದರೆ ಇವನು ಬರಲ್ಲ, ಆ ಕಡೆಯವರು ಇಬ್ಬರು ಆದರು, ಈ ಕಡೆಗೆ ಒಬ್ಬರನ್ನಾದರೂ ಕೊಡಬೇಕು… ನನಗೆ ಕೇಳಿ ಕೇಳಿ ನಗು ಬರುತ್ತಿತ್ತು. ಎಲೆಕ್ಷನ್ ಬಂದಾಗ ಮದ್ದೂರಿನ ಟೀ ಅಂಗಡಿಗಳಲ್ಲಿ ಯಾರಿಗೆ ಟಿಕೆಟ್ಟು ಎಂದು ಕಿತ್ತಾಡುವುದೂ ಇದೇ ಮಾತು.

“ನಿಮ್ಮವ್ವಂಗೆ ಟಿಕೆಟ್ ಸಿಕ್ತದಾ?” ಎಂದು ಕೇಳುತ್ತಿದ್ದೆ.

“ಅವ್ಳ ಇಂದ್ಗಡೆ ಜನ ಇಲ್ಲ ಕಣಜ್ಜಿ. ಅವ್ಳ ಆಟನೇ ನಿಂತೋಗದೆ. ಯಾರಿಗೂ ಗ್ಯಾನ ಇಲ್ಲ.”

ಆದರೂ ಬಿಡುತ್ತಿರಲಿಲ್ಲ. ಮುದ್ದೆ ಕಟ್ಟಿ ಕೈ ತೊಳೆದವಳು ಒದ್ದೆ ಬೆರಳಲ್ಲೇ ಬರೆಯುತ್ತಿದ್ದಳು, ಆ ಹೆಂಗಸು ಬರಬೇಕು ಎಂದು. ಜನ ಅದರ ಕೆಳಗೆ ನಗಾಡುತ್ತಿದ್ದರಂತೆ. ಅವಳ ಅತ್ತೆ ಜಗಲಿಯಿಂದ ಕೂಗುತ್ತಿದ್ದಳು. “ಹಸುಗೆ ನೀರಿಡಾಕೆ ಟೈಮಿಲ್ಲ, ಕುಸ್ತಿಗೆ ಆಳು ಕರೆಯಾಕೆ ಟೈಮದೆ ಇವ್ಳಿಗೆ.”

ಒಂದು ದಿನ ನಾನೂ ಬೈದೆ. ಗೊಂಬೆ ಬಂದರೆ ನಿನಗೇನು, ಬರದಿದ್ದರೆ ನಿನಗೇನು ಎಂದು. ಅವಳು ಫೋನನ್ನು ಗೋಡೆಯ ಮೇಲಿಂದ ಚಾಚಿದಳು. ಹಳೆಯ ಆಟದ ಒಂದು ಚಿತ್ರ ಹೇಗೋ ಸಿಕ್ಕಿತ್ತು. ಹೆಬ್ಬೆರಳಿನುಗುರಿನಷ್ಟು ಹೆಂಗಸು, ಸೊಂಟದ ಮೇಲೆ ಕೈ. ಅವಳು ಎರಡು ಬೆರಳಿಂದ ಹಿಗ್ಗಿಸಿದಳು. ಮುಖ ದೊಡ್ಡದಾಗುತ್ತಾ ಆಗುತ್ತಾ ಬರೀ ಚೌಕ ಚೌಕವಾಯಿತು. ಕಣ್ಣಿನ ಜಾಗದಲ್ಲಿ ಒಂದು ಕರಿ ಚೌಕ, ಬಾಯಿಗೆ ಒಂದು ಕೆಂಪು ಚೌಕ.

“ದೂರದಿಂದ ನೋಡ್ಬೇಕು ಕಣಜ್ಜಿ. ಅತ್ರಕ್ಕೋದ್ರೆ ಒಂಟೋಗ್ಬುಡ್ತಾಳೆ,” ಎಂದಳು. “ಹೊಸ ಆಟಕ್ಕೆ ಬಂದ್ರೆ ಮುಖ ನೀಟಾಗಿ ಮಾಡ್ತಾರೆ. ರೆಪ್ಪೆಗೂದ್ಲೂ ಕಾಣ್ತದೆ. ಒಂದು ಫೋಟೋ ತೆಗೆಸ್ಕೊತೀನಿ. ಎಡೆ ಮುಂದೆ ಇಡಾಕೆ.”

ಆಗ ನನಗೆ ತಿಳಿಯಿತು. ಪಿತೃಪಕ್ಷದಲ್ಲಿ ನಾವು ಸತ್ತವರಿಗೆ ಎಡೆ ಇಡುತ್ತೇವೆ. ಎಲೆ ಹಾಕಿ, ಅವರವರು ಇಷ್ಟಪಟ್ಟಿದ್ದನ್ನು ಬಡಿಸಿ, ಮುಂದೆ ಫೋಟೋ ಇಟ್ಟು ಹೆಸರು ಹಿಡಿದು ಕರೆಯುತ್ತೇವೆ. ಇವಳ ಅವ್ವನಿಗೆ ಎಡೆ ಇಡಲು ಗಂಡುಮಕ್ಕಳಿಲ್ಲ. ಗಂಡನ ಮನೆಯಲ್ಲಿ ಇಡುತ್ತೇನೆ ಎಂದರೆ ಅತ್ತೆ, “ಬೀಗ್ರ ಮನೆ ಸತ್ತೋರ್ನೆಲ್ಲ ನಮ್ಮನೇಲಿ ಯಾಕಮ್ಮಿ ಕೂರುಸ್ತೀಯ” ಎಂದಿದ್ದಳು. ಅದು ಅವಳೊಬ್ಬಳ ಮಾತಲ್ಲ, ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವುದೇ.

ನಮ್ಮ ಮನೆಯಲ್ಲಿ ಒಂದು ಎಲೆ ಜಾಸ್ತಿ ಹಾಕುತ್ತೇವೆ, ಹೆಸರು ಮರೆತುಹೋದವರಿಗೆ. ನಮ್ಮತ್ತೆಯ ಕಾಲದಿಂದ ಬಂದದ್ದು. ಅದಕ್ಕೆ ಫೋಟೋ ಇಲ್ಲ, ಹೆಸರಿಲ್ಲ. “ನಿಮ್ಮವ್ವ ಅದ್ರಲ್ಲೇ ಉಣ್ಲಿ ಬುಡು” ಎಂದೆ. ಆ ವರ್ಷದಿಂದ ಅವಳು ಒಂದು ಹಿಡಿ ಕಡ್ಲೆಪುರಿ, ನಾಲ್ಕು ಕಾಯಿಚೂರು ತಂದು ಆ ಎಲೆಗೆ ಹಾಕಿ ಹೋಗುತ್ತಿದ್ದಳು. ಅವ್ವ ಇಷ್ಟಪಟ್ಟು ತಿನ್ನುತ್ತಿದ್ದುದು ಅದು ಎಂದು ಅಪ್ಪ ಹೇಳಿದ್ದನಂತೆ.

ಅವಳ ಮಗಳಿಗೆ ನಡೆಯಲು ಬಂದ ವರ್ಷ ಒಂದು ದಿನ ಅವಳು ಓಡಿಬಂದಳು, ಏದುಸಿರು ಬಿಡುತ್ತಾ. ಕಂಪನಿಯವರು ಹೊಸಬರ ನೆರಳು ಬಿಟ್ಟಿದ್ದರು. ಮುಖ ಮುಚ್ಚಿಟ್ಟು ಮೊದಲು ಕರಿ ನೆರಳು ತೋರಿಸುತ್ತಾರೆ, ಜನ ತಲೆ ಕೆಡಿಸಿಕೊಳ್ಳಲಿ ಎಂದು. ಯಾರ್ಯಾರೋ ಯಾರ್ಯಾರದೋ ಹೆಸರು ಹೇಳುತ್ತಿದ್ದರು.

“ಕೈ ನೋಡಜ್ಜಿ,” ಎಂದಳು.

ಎಡಗೈ ಸೊಂಟದ ಮೇಲಿತ್ತು.

ಮುಖ ತೋರಿಸುವ ದಿನ ನಮ್ಮ ಎಡೆಯ ದಿನವೇ ಬಿತ್ತು. ಎಲ್ಲಿಯ ಕಂಪನಿಯೋ, ನಮ್ಮ ಪಿತೃಪಕ್ಷ ಅವರಿಗೇನು ಗೊತ್ತು. ದೀಪ ಹಚ್ಚುವ ಹೊತ್ತಿಗೆ ಬಂದಳು, ತಲೆಗೆ ನೀರು ಹಾಕಿಕೊಂಡು, ಒಳ್ಳೆಯ ಸೀರೆ ಉಟ್ಟು. ಹೆಸರಿಲ್ಲದವರ ಎಲೆಗೆ ಕಡ್ಲೆಪುರಿ ಹಾಕಿದಳು. ಎಲೆಯ ಮುಂದೆ ಚೊಂಬಿಗೆ ಫೋನನ್ನು ಒರಗಿಸಿದಳು. ಅದರಲ್ಲಿ ನೆರಳು ನಿಂತಿತ್ತು, ಸುಮ್ಮನೆ. ನನ್ನ ಗಂಡ, ಅತ್ತೆ, ಮಾವ, ಎಲ್ಲರ ಫೋಟೋದ ಸಾಲಿನಲ್ಲಿ ಅದೊಂದು ಕರಿ ನೆರಳು. ನಾನು ಹೆದರುವ ಪೈಕಿ ಅಲ್ಲ. ಆದರೂ ಅದರ ಕಡೆ ಬೆನ್ನು ಹಾಕಲು ಆಗಲಿಲ್ಲ.

ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳಬೇಕು. ಸತ್ತವರು ಉಣ್ಣುವಾಗ ಯಾರೂ ನೋಡಬಾರದು. ನಾವೆಲ್ಲ ಜಗಲಿಯಲ್ಲಿ ಕೂತೆವು. ಅವಳು ಮಗಳನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಳಗಿಂದ ತಮಟೆಯಂಥ ಸದ್ದು ಬಂತು. ಆಮೇಲೆ ಸದ್ದೆಲ್ಲ ನಿಂತು, ಹೆಂಗಸೊಬ್ಬಳು ಕೂಗಿದಳು. ಮುಚ್ಚಿದ ಬಾಗಿಲ ಒಳಗಿಂದ. ಮಾತಲ್ಲ, ಹೊಡೆಯಲು ಹೋಗುವಾಗಿನ ಕೂಗು. ನನ್ನ ಮಗ ಎದ್ದು ನಿಂತುಬಿಟ್ಟ. ಮಗು ಅಳಲು ಶುರು ಮಾಡಿತು.

ಕೆಮ್ಮಿ, ಸದ್ದು ಮಾಡಿ ಬಾಗಿಲು ತೆಗೆಯುವುದು ಪದ್ಧತಿ. ಅವಳು ಕೆಮ್ಮಲಿಲ್ಲ. ಮಗುವನ್ನು ನನ್ನ ಕೈಗೆ ಹಾಕಿ ನುಗ್ಗಿಹೋದಳು. ನಾನು ಹಿಂದೆಯೇ ಹೋದೆ. ಚೊಂಬಿನ ಮುಂದೆ ಮುಖ ಬೆಳಗುತ್ತಿತ್ತು. ಅವಳು ಹೇಳಿದ ಹಾಗೆಯೇ ರೆಪ್ಪೆಗೂದಲು ಕಾಣುತ್ತಿತ್ತು, ತುಟಿಯ ಗೆರೆ ಕಾಣುತ್ತಿತ್ತು, ಹುಬ್ಬಿನ ಹತ್ತಿರ ಒಂದು ಗಾಯದ ಗುರುತೂ ಮಾಡಿದ್ದರು. ಕೈ ಸೊಂಟದ ಮೇಲೇ ಇತ್ತು. ಜನ ಎಲ್ಲೆಲ್ಲಿಂದಲೋ ಹೋ ಎನ್ನುತ್ತಿದ್ದರು.

ಅವಳು ಮಂಡಿಯೂರಿ ಕೂತು ನೋಡಿದಳು. ಹಿಂದಕ್ಕೆ ಸರಿದು ನೋಡಿದಳು. ಬಾಗಿಲವರೆಗೂ ಹಿಂದೆ ಹೋಗಿ, ಕಣ್ಣು ಅರ್ಧ ಮುಚ್ಚಿ ನೋಡಿದಳು.

“ಇವ್ಳು ಯಾರೋ,” ಎಂದಳು.

“ಅವ್ಳೇ ಅಂತಲ್ಲಮ್ಮಿ, ಎಲ್ರೂ ಅಂತಾವ್ರೆ.”

“ಆಟದೋಳು ಅವ್ಳೇ ಕಣಜ್ಜಿ. ನಮ್ಮವ್ವ ಅಲ್ಲ.”

ಫೋನು ಆರಿಸಿದಳು. ಅಳಲಿಲ್ಲ. ನಾನು ಪದ್ಧತಿಯಂತೆ ಎಲೆ ಎತ್ತಲು ಬಗ್ಗಿದೆ. ಕೈ ಹಿಡಿದಳು. “ಇದೊಂದು ಎತ್ಬೇಡ. ಅವ್ಳಿನ್ನೂ ಬಂದಿಲ್ಲ.”

ಅನ್ನ ಹಳಸುತ್ತದೆ ಎಂದೆ. ಹಳಸಲಿ ಎಂದಳು. ಬಿಟ್ಟೆ. ಬೆಳಿಗ್ಗೆ ಇರುವೆ ಮುತ್ತಿತ್ತು, ಎತ್ತಿ ಹಸುವಿಗೆ ಹಾಕಿದೆ.

ಆಮೇಲೆ ಅವಳು ಆ ಆಟದ ಮಾತೆತ್ತಲಿಲ್ಲ. “ಮುಂದ್ಕೆ ಯಾರ್ ಬತ್ತಾರಂತಮ್ಮಿ?” ಎಂದು ನಾನೇ ಕೇಳಿದರೆ, “ಯಾರಾರ ಬರ್ಲಿ ಬುಡಜ್ಜಿ” ಎನ್ನುತ್ತಿದ್ದಳು. ಟಿವಿಯ ಹತ್ತಿರ ಮಾತ್ರ ಬರುತ್ತಿದ್ದಳು. ಅದರ ಚಿತ್ರ ಕೆಟ್ಟುಹೋದ ಮೇಲೂ ಅವಳು ಬಂದಾಗ ಪ್ಲಗ್ಗು ಚುಚ್ಚುತ್ತಿದ್ದೆ. ಕರೆಂಟು ದಂಡ ಎಂದು ಮಗ ಬೈಯುತ್ತಿದ್ದ. ಅವಳು ಗೋಡೆಗೆ ಒರಗಿ ನಿಂತು, ವಾಸನೆ ಬರುವ ತನಕ ಕಾದು, ಬಂದ ಮೇಲೆ ಕೆಲಸವಿದೆ ಎಂದು ಹೋಗುತ್ತಿದ್ದಳು.

ಮುಂದಿನ ಮಳೆಯಲ್ಲಿ ಜ್ವರ ಬಂತು. ಮಂಡ್ಯಕ್ಕೆ ಕರೆದುಕೊಂಡು ಹೋದರು. ಆಟೋ ಹತ್ತುವಾಗ ಮಗಳನ್ನು ನನ್ನ ಕಡೆ ತೋರಿಸಿ ಏನೋ ಅಂದಳು. ಆಟೋದ ಸದ್ದಿನಲ್ಲಿ ಕೇಳಲಿಲ್ಲ… ಹೋದವಳು ಹೆಣವಾಗಿ ಬಂದಳು. ಇದರಲ್ಲಿ ಹೇಳುವುದು ಇನ್ನೇನೂ ಇಲ್ಲ.

ಫೋಟೋ ಬೇಕಲ್ಲ, ಹುಡುಕಿದರು. ಮದುವೆಯ ಆಲ್ಬಮ್ಮಿನಲ್ಲಿ ತಲೆ ಬಗ್ಗಿಸಿಕೊಂಡೇ ಇದ್ದಳು. ಫೋನಿನಲ್ಲಿ ಮಗಳ ಫೋಟೋ ರಾಶಿ ಇತ್ತು, ತೆಗೆಯುವವಳು ಅವಳೇ ಆದ್ದರಿಂದ ಅವಳದು ಒಂದೂ ಇರಲಿಲ್ಲ. ಕೊನೆಗೆ ಯಾರದೋ ನಾಮಕರಣದ ಗುಂಪಿನಲ್ಲಿ, ಹಿಂದಿನ ಸಾಲಿನಲ್ಲಿ, ಎರಡು ತಲೆಗಳ ನಡುವೆ ಸಿಕ್ಕಿದಳು. ಮದ್ದೂರಿನ ಸ್ಟುಡಿಯೋದವನು ಅಷ್ಟನ್ನೇ ಕತ್ತರಿಸಿ ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಟ್ಟ. ಎಷ್ಟು ದೊಡ್ಡದು ಮಾಡಿದನೆಂದರೆ ಮುಖವೆಲ್ಲ ಚೌಕ ಚೌಕ.

ಟಿವಿಯನ್ನು ಗುಜರಿಯವನಿಗೆ ಕೊಟ್ಟೆ. ಇಟ್ಟುಕೊಂಡು ಯಾರಿಗೆ ಕಾಯಿಸಲಿ.

ಅದು ಹೋದ ಸಂಜೆ ಪಕ್ಕದ ಮನೆಗೆ ಹೋಗಿದ್ದೆ. ಅವಳ ಮಗಳು ಫೋಟೋದ ಕೆಳಗೆ ಕುರ್ಚಿ ಹಾಕಿಕೊಂಡು ಹತ್ತಿ, ಗಾಜಿಗೆ ಮೂಗು ತಾಗಿಸಿ ನೋಡುತ್ತಿತ್ತು. ಇಳಿಸಿದೆ. ಕೈ ಹಿಡಿದು ಬಾಗಿಲವರೆಗೂ ಹಿಂದಕ್ಕೆ ಕರೆದುಕೊಂಡು ಬಂದೆ. ಅಲ್ಲಿಂದ ನನಗೆ ಕಂಡಳು, ಹೆಪ್ಪು ಕೇಳಲು ಬಂದ ದಿನದ ಹಾಗೆಯೇ.

“ಈಗ ಕಾಣ್ತಾಳಾ?” ಎಂದೆ.

ಮಗು ಒಂದು ಸಲ ಫೋಟೋ ನೋಡಿತು, ಒಂದು ಸಲ ನನ್ನ ಮುಖ ನೋಡಿತು.

“ಕಾಣ್ತಾಳೆ,” ಎಂದಿತು.

ನಾನು ಕೇಳಿದ್ದಕ್ಕೆ ಹಾಗಂದಿತು. ಆ ಮುಖ ನನಗೆ ಗೊತ್ತು, ಅದಕ್ಕೆ ಚೌಕಗಳೆಲ್ಲ ಕೂಡಿಕೊಂಡವು. ಮುಖವೇ ಗೊತ್ತಿಲ್ಲದ ಮಗುವನ್ನು ಎಷ್ಟು ದೂರ ನಿಲ್ಲಿಸಿದರೇನು.