ಗಾಯದ ಕೋಣೆಯ ದೊಡ್ಡಕ್ಕ

ಗಾಯದ ಕೋಣೆಯ ನರ್ಸ್ ದೊಡ್ಡಕ್ಕ ಬಾಯಿ ತೆರೆದಳೆಂದರೆ ಬೀದಿಯಾಚೆ ಮಲಗಿದ ನಾಯಿಯೂ ಎದ್ದು ತನ್ನ ಪಾದ ನೋಡಿಕೊಳ್ಳುತ್ತದೆ. ತಿಂಗಳುಗಟ್ಟಲೆ ಮಾಯದ ಹುಣ್ಣು ಹೊತ್ತು ಬಂದವರಿಗೆ ಮೊದಲು ಬೈಗುಳ, ಆಮೇಲೆ ಬ್ಯಾಂಡೇಜು. “ಏನ್ ಯಜಮಾನ್ರೇ, ಅಂಗಡೀಲಿರೋ ಮುಲಾಮೆಲ್ಲ ಮೆತ್ತಿದ್ದೀರಲ್ಲ, ಇದೇನು ಕಾಲೋ ಗೋಡೆಯೋ? ನೀರೇ ಹರೀದ ಕಾಲುವೇಲಿ ಪೈರು ಬರುತ್ತಾ? ರಕ್ತ ಇಳಿದ್ರೆ ತಾನೇ ಗಾಯಕ್ಕೆ ಉಸಿರು!” ಎನ್ನುತ್ತ ಪಾದಕ್ಕೆ ಜೆಲ್ ಸವರಿ, ನಾಡಿ ಕೇಳಿಸುವ ಪುಟ್ಟ ಯಂತ್ರ ಇಡುತ್ತಾಳೆ. ಆಗ ಮಾತ್ರ ಲೋಕವೇ ತೆಪ್ಪಗಿರಬೇಕು: ಫ್ಯಾನು ನಿಲ್ಲಬೇಕು, ದೊಡ್ಡ ಡಾಕ್ಟರು ಕೆಮ್ಮು ನುಂಗಬೇಕು, ನೊಣ ನಡೆದೇ ಹೋಗಬೇಕು. ಯಂತ್ರ ‘ಶುಸ್ ಶುಸ್’ ಎಂದಿತೋ, “ಹೋಗಿ, ಇನ್ನೂ ನೂರು ವರ್ಷ ಹೆಂಡತಿ ಪ್ರಾಣ ತಿನ್ನಿ” ಎಂಬ ಆಶೀರ್ವಾದ. ಇವತ್ತು ಬಂದ ಯಜಮಾನರ ಪಾದ ಮಾತ್ರ ಯಂತ್ರ ಇಟ್ಟರೂ ತುಟಿಪಿಟಕ್ಕೆನ್ನಲಿಲ್ಲ. ಹೆಬ್ಬೆರಳು ನೀಲಿಗಟ್ಟಿತ್ತು. ಅವರು ಅವಳ ಮುಖವನ್ನೇ ನೋಡುತ್ತ, “ಏನಮ್ಮಾ, ಕಾಲು ಉಳಿಯುತ್ತಾ?” ಎಂದರು. “ಸುಮ್ನಿರಿ, ಈ ದರಿದ್ರದ್ದರ ಬ್ಯಾಟರಿ ಸತ್ತಿದೆ” ಎಂದು ಯಂತ್ರಕ್ಕೆ ಬೈಯುತ್ತ, ಬೆಳಿಗ್ಗೆ ತಾನೇ ಹಾಕಿದ ಹೊಸ ಬ್ಯಾಟರಿಯನ್ನು ಒಂದೇ ಕೈಯಲ್ಲಿ ತೆಗೆದು, ಸೆರಗಿಗೆ ಒರೆಸಿ ಒರೆಸಿ, ಮತ್ತೆ ಹಾಕಿದಳು. ಇನ್ನೊಂದು ಕೈ ಆ ತಣ್ಣನೆಯ ಪಾದವನ್ನು ಬಿಟ್ಟಿರಲಿಲ್ಲ.