ದಡದಲ್ಲಿ ಕುಳಿತವರು

ಹಿರಿಯೂರಿನ ಬಳಿ ವೇದಾವತಿಯ ಕುಸಿಯುತ್ತಿದ್ದ ದಡಕ್ಕೆ ಲಕ್ಕಿ ಗಿಡದ ಹಸಿ ಗೂಟ ಹೊಡೆಯಲು ನಾನು ಕೊಡತಿ ಎತ್ತಿದ್ದೇ ತಡ, ಅಜ್ಜಿಯೊಬ್ಬರು ಓಡಿ ಬಂದು ಅಡ್ಡ ಕುಳಿತುಬಿಟ್ಟರು.

“ಇಲ್ಲಿ ಹೊಡೀಬ್ಯಾಡಪ್ಪ, ಕೆಳಗೆ ನಮ್ಮ ಯಜಮಾನ್ರು ಕುಂತವ್ರೆ!”

ಬೆಚ್ಚಿಬಿದ್ದೆ. ಅವರ ಮನೆತನದಲ್ಲಿ ಸತ್ತವರನ್ನು ಕೂರಿಸಿಯೇ ಹೂಳುತ್ತಾರೆಂಬುದು ಆಮೇಲೆ ತಿಳಿಯಿತು. ಹೊಳೆ ಆ ಸಮಾಧಿಯ ಅಂಚಿಗೇ ಬಂದಿತ್ತು. ನಮಗೆ ದಡ ಕಾಯುವ ಕೆಲಸ ಕಲಿಸುತ್ತಿದ್ದ ಮಹಾರಾಜರ ಸರ್ಕಾರದ ಓವರ್‌ಸಿಯರು ಜೋಡು ಕಳಚಿ ತಾವೇ ಇಳಿಜಾರಿಗೆ ಇಳಿದರು. “ನಿಮ್ಮ ಯಜಮಾನ್ರನ್ನ ಹೊಳೆಗೆ ಬಿಟ್ಟುಕೊಡಲ್ಲ ಕಣಮ್ಮ” ಎಂದು ನಮ್ಮತ್ತ ತಿರುಗಿ, “ಯಜಮಾನ್ರ ಕಾಲ ಕೆಳಗೆ, ಇಳಿಜಾರಲ್ಲಿ ಸಾಲಾಗಿ ಹೊಡೀರಿ, ಇವತ್ತಿನ ಪಾಠ ಇಲ್ಲೇ” ಎಂದರು. ಗೂಟಗಳು ಚಿಗುರುವವರೆಗೆ ಅಜ್ಜಿಯೇ ನೀರು ಹೊತ್ತು ಹಾಕಿದರು. ಮಳೆಗಾಲದಲ್ಲಿ ಹೊಳೆ ತುಂಬಿ ಬಂದರೂ ದಡ ಕದಲಲಿಲ್ಲ.

ಈಗಲೂ ಯಾವ ಹೊಳೆದಂಡೆಗೆ ಹೋದರೂ, ಕೊಡತಿ ಎತ್ತುವ ಮುನ್ನ ಇಲ್ಲಿ ಯಾರಿದ್ದಾರೆಂದು ಊರವರನ್ನು ಕೇಳುತ್ತೇನೆ.