ಮುಚ್ಚಿದ ದೇವರ ಗೂಡಿನ ಮುಂದೆ

ಕಳೆದ ಜುಲೈ ತಿಂಗಳ ಒಂದು ಭಾನುವಾರ. ಡೊಂಬಿವಲಿಯ ನಮ್ಮ ಮನೆಯಲ್ಲಿ ಬಂಗುಡೆ ಸಾರು ಕುದಿಯುತ್ತಿತ್ತು. ಮಗಳು ಸ್ವಾತಿ ನೆರೂಳದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಹಲವು ದೇಶಗಳ ಮಹಿಳಾ ಇಂಜಿನಿಯರುಗಳ ಸಂಘವೊಂದು ಅವಳಿಗೆ ಮಾರ್ಗದರ್ಶಿಯಾಗಿ ನೈರೋಬಿಯಲ್ಲಿ ಸೇತುವೆ ಕಟ್ಟುವ ಮುತೋನಿ ಎಂಬವರನ್ನು ಕೊಟ್ಟಿತ್ತು. ಅಲ್ಲಿ ಒಂದು ವರ್ಷದ ತರಬೇತಿಗೆ ಮರುದಿನ ಫೋನಿನಲ್ಲೇ ಸಂದರ್ಶನ.

"ನಾಳೆ ನಾನೂ ಮನೆಯಲ್ಲೇ ಇರ್ತೇನೆ ಮಗಾ," ಎಂದರು ನಮ್ಮವರು. ಅವರು ಠಾಣೆಯ ಹೋಟೆಲಿನಲ್ಲಿ ಕ್ಯಾಷಿಯರ್.

"ಪಪ್ಪಾ, ಆಪ್ ರಹೇ ತೋ ಮೈ ಹಸ್ ದೂಂಗೀ!"

"ಎಂತ ನಗುದು? ಅಡುಗೆಮನೆಯಲ್ಲಿ ಕೂತ್ಕೊಳ್ತೇನೆ, ಕೆಮ್ಮುದೂ ಇಲ್ಲ."

ಮರುದಿನ ಬೆಳಿಗ್ಗೆ ಅವರು ಎದೆ ಹಿಡಿದುಕೊಂಡರು. ಆಸ್ಪತ್ರೆಗೆ ಹೊರಟ ರಿಕ್ಷಾ ಕಲ್ಯಾಣ-ಶೀಳ್ ರಸ್ತೆಯ ಟ್ರಾಫಿಕ್‌ನಲ್ಲಿ ನಿಂತಿತು. ದಾರಿಯುದ್ದಕ್ಕೂ ದೇವಿಯನ್ನು ಕೂಗಿದೆ. ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು.

ಸ್ವಾತಿ ಅಳಲಿಲ್ಲ, ಮಾತು ನಿಲ್ಲಿಸಿದಳು. ಫೋನ್ ಆಫ್ ಮಾಡಿ ಗೋಡೆಯ ಕಡೆ ತಿರುಗಿ ಮಲಗಿದಳು. ನಾದಿನಿ ಹೇಳಿದಳು: "ಅತ್ತಿಗೆ, ಪರದೇಶದವರಿಗೆ ನಮ್ಮ ಸೂತಕ ಎಲ್ಲಿ ಗೊತ್ತಾಗ್ತದೆ? ಆ ಟ್ರೈನಿಂಗ್ ಹೋಯ್ತು ಅಂತ ತಿಳ್ಕೊಳ್ಳಿ."

ದೇವರ ಗೂಡಿನ ಬಾಗಿಲು ಮುಚ್ಚಿತ್ತು. ದೀಪ ಹಚ್ಚುವಂತಿಲ್ಲ, ಮುಟ್ಟುವಂತಿಲ್ಲ. ಒಂದು ಮಧ್ಯಾಹ್ನ ದೂರದಲ್ಲೇ ಕುಳಿತು, "ತಾಯೇ, ಮಗು ಒಂದು ಮಾತಾಡಲಿ, ಸಾಕು," ಎಂದು ಬೇಡಿದೆ.

ಅದೇ ಸಂಜೆ ನನ್ನ ಫೋನ್ ರಿಂಗಾಯಿತು. ಸ್ವಾತಿ ಸಂಘಕ್ಕೆ ನನ್ನ ನಂಬರನ್ನೂ ಕೊಟ್ಟಿದ್ದಳಂತೆ. ಇಂಗ್ಲಿಷಿನಲ್ಲಿ ಯಾವುದೋ ಹೆಂಗಸಿನ ದನಿ. ಗಾಬರಿಯಾಗಿ ಫೋನನ್ನು ಮಗಳ ಕಿವಿಗೆ ಹಿಡಿದೆ. "ಮುತೋನಿ ಮೇಡಂ…" ಎಂದವಳು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಹೋದದ್ದನ್ನು ಅವರಿಗೆ ಹೇಳಿ, ಆಮೇಲೆ ನನ್ನತ್ತ ತಿರುಗಿದಳು.

"ಮಮ್ಮಿ, ಪೂಛ್ ರಹೀ ಹೈ, ನಮ್ಮಲ್ಲಿ ಶೋಕ ಎಷ್ಟು ದಿನ ಅಂತ. ಸಂದರ್ಶನ ಮಾಡುವವರೆಲ್ಲ ಉತ್ತರಕ್ರಿಯೆ ಮುಗಿಯುವವರೆಗೆ ಕಾಯ್ತಾರಂತೆ."

ನಾದಿನಿ ಬಾಯಿ ಮೇಲೆ ಕೈಯಿಟ್ಟಳು. "ಎಂತ ಮಾರಾಯ್ತಿ, ನಮ್ಮ ಸಂಬಂಧಿಕರೇ ಇಷ್ಟು ಕೇಳಲಿಲ್ಲ!"

ಅವರು ಕಾದರು. ಸ್ವಾತಿ ಆಯ್ಕೆಯಾದಳು.

ನಮ್ಮ ಭಜನಾ ಮಂಡಳಿಯ ಅಕ್ಕಂದಿರು ಇದನ್ನು ಅನುಗ್ರಹ ಎನ್ನುತ್ತಾರೆ. ನಾನೂ ಹಾಗೆಯೇ ನಂಬಿ ಕೈಮುಗಿಯುತ್ತೇನೆ. ಆದರೆ ಒಂದು ತಿಳಿಯುವುದಿಲ್ಲ. ಸೂತಕವಿಲ್ಲದಾಗ ರಿಕ್ಷಾದಲ್ಲಿ ಅಷ್ಟು ಕೂಗಿದ್ದು ತಾಯಿಗೆ ಕೇಳಲಿಲ್ಲವೇ? ಸೂತಕದಲ್ಲಿ ಮೆಲ್ಲಗೆ ಬೇಡಿದ್ದು ಹೇಗೆ ಕೇಳಿತು? ಯಾರನ್ನು ಕೇಳಲಿ? ಆ ತಾಯಿ ಹತ್ತಿರವೇ ಇದ್ದಾಳೆ ಎಂಬುದರಲ್ಲಿ ಮಾತ್ರ ನನಗೆ ಈಗ ಅನುಮಾನವಿಲ್ಲ.

ಮುಂದಿನ ತಿಂಗಳು ಸ್ವಾತಿ ಹೊರಡುತ್ತಾಳೆ. ಅವಳನ್ನು ಕಳುಹಿಸಿಕೊಡಲು ಅವಳ ಅಪ್ಪ ಇಲ್ಲ.